ಜೊತೆಯಲ್ಲಿ ಬಂದದ್ದನ್ನು ತೆಗೆಯಲೇ?

ಆವೃತ್ತಿ ೦.೧

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಕಪ್ಪು ಪರದೆ, ಅದರ ಮೇಲೆ ಬಿಳಿ ಅಕ್ಷರ, ಕೊನೆಯಲ್ಲಿ ಮಿಣಮಿಣ ಎನ್ನುವ ಒಂದು ಗೆರೆ. ಇಲ್ಲಿಂದ ಶುರು ಮಾಡಿದರೆ ನೀವು ಪುಟ ಮಗುಚಿ ಮುಂದಿನವರ ಕವಿತೆಗೆ ಹೋಗುತ್ತೀರಿ. ನಾನಾಗಿದ್ದರೂ ಹೋಗುತ್ತಿದ್ದೆ. ಕಂಪ್ಯೂಟರಿನಲ್ಲಿ ಪ್ಯಾಕೇಜ್ ಅಪ್‌ಡೇಟ್ ಮಾಡುವ ಬಗ್ಗೆ ಒಂದು ಕಥೆ ಬರೆಯುತ್ತಿದ್ದೇನೆ ಎಂದಾಗ ನನ್ನ ತಂಗಿ ಫೋನಿನಲ್ಲೇ ಆಕಳಿಸಿದಳು, ಅದೂ ಬಾಯಿಗೆ ಕೈ ಅಡ್ಡ ಇಡದೆ.

ಸರಿ, ಸಾವಿನಿಂದ ಶುರು ಮಾಡೋಣ ಅಂದುಕೊಂಡೆ. ಮೊದಲ ಸಾಲಿನಲ್ಲಿ ಯಾರಾದರೂ ತೀರಿಕೊಂಡರೆ ಓದುಗರು ಮರ್ಯಾದೆಗಾದರೂ ಒಂದು ಪುಟ ಕೂರುತ್ತಾರೆ.

ಆವೃತ್ತಿ ೦.೨

"ರೊಂಡಾ ತೀರಿಕೊಂಡ ಮೇಲಿನ ಮೊದಲ ಸೋಮವಾರ ಕ್ಲೆಮ್ ಟ್ರಿಝೈಸ್ ಎಂದಿನಂತೆ ರೇಡಿಯೊ ಶೆಡ್ಡಿಗೆ ಬಂದು ಎರಡು ಕಪ್ ಚಹಾ ಮಾಡಿದ."

ಚೆನ್ನಾಗಿದೆಯಲ್ಲವೇ? ಆ 'ಎರಡು ಕಪ್' ಎಂಬಲ್ಲಿ ನನಗೇ ಗಂಟಲು ಕಟ್ಟಿತು. ಇದನ್ನು ನಾನು ಕ್ಲೆಮ್‌ಗೇ ಓದಿ ಹೇಳಿದೆ. (ನಾನು ಅಡಿಲೇಡ್ ನಗರದಿಂದ ಬಹಳ ದೂರದ ಕಡಲತೀರದ ಊರು ಪೋರ್ಟ್ ಲಾರ್ಕಿನ್ನಿನ ಔಷಧಿ ಅಂಗಡಿಯವಳು. ಊರಿನ ಎಲ್ಲರೂ ತಿಂಗಳಿಗೊಮ್ಮೆಯಾದರೂ ನನ್ನ ಕೌಂಟರಿನ ಮುಂದೆ ನಿಲ್ಲಲೇಬೇಕು. ಬಿ.ಪಿ. ಮಾತ್ರೆ ಕೈಗೆ ಸಿಗುವ ತನಕ ನಾನು ಏನು ಓದಿದರೂ ಕೇಳಲೇಬೇಕು. ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಉದ್ಯೋಗವಿಲ್ಲ.)

ಕ್ಲೆಮ್ ಮಾತ್ರೆಯ ಪೊಟ್ಟಣ ಜೇಬಿಗಿಳಿಸಿದ. "ರೊಂಡಾ ಸತ್ತಿಲ್ಲ ಮಾರಾಯ್ತಿ. ಬಂಡಬರ್ಗ್‌ನಲ್ಲಿದಾಳೆ. ಕೆನ್ ಜೊತೆ."

"ಗೊತ್ತು ಕ್ಲೆಮ್. ಕಥೆಗೋಸ್ಕರ."

"ನಿನ್ನ ಕಥೆಗೋಸ್ಕರ ನನ್ನ ಹೆಂಡ್ತೀನ ಸಾಯಿಸ್ತೀಯಾ? ನಾನೇ ಸಾಯಿಸ್ಲಿಲ್ಲ."

ಹೀಗಾಗಿ ರೊಂಡಾ ಬದುಕಿಕೊಂಡಳು. ಕ್ಲೆಮ್‌ಗೆ ಇನ್ನೂ ಒಂದು ತಕರಾರಿತ್ತು. ಎರಡು ಕಪ್ ಮಾಡಿದ್ದು ನಿಜವಂತೆ, ಆದರೆ ಎರಡನ್ನೂ ತಾನೇ ಕುಡಿದನಂತೆ. ಅದನ್ನೂ ಹಾಕು ಎಂದ. ಹಾಕಿದ್ದೇನೆ. ಗಂಟಲು ಕಟ್ಟಿದ್ದು ಬಿಟ್ಟುಹೋಯಿತು.

ಆವೃತ್ತಿ ೦.೩

ಹಾಗಾದರೆ ಇದ್ದದ್ದನ್ನು ಇದ್ದ ಹಾಗೆ.

ಕ್ಲೆಮ್ ದುಡಿಮೆಯ ಕಾಲವೆಲ್ಲ ಊರಾಚೆಯ ಗೋಧಿ ಸೈಲೊಗಳಲ್ಲಿ, ಆ ದೊಡ್ಡ ಕಣಜಗಳಲ್ಲಿ, ಕಳೆದು ನಿವೃತ್ತನಾದವನು. ಆಳು ಉದ್ದ, ಮಾತು ಗಿಡ್ಡ. ಅವನ ಹೆಂಡತಿ ರೊಂಡಾ ಇದಕ್ಕೆ ತದ್ವಿರುದ್ಧ. ಊರಿನ ರೇಡಿಯೊದಲ್ಲಿ ದಿನಾ ಬೆಳಿಗ್ಗೆ ಆಯ್ಸ್ಟರ್ ಎಂಬ ಕಡಲ ಚಿಪ್ಪು ಸಾಕುವ ದೋಣಿಗಳವರಿಗೆ ಉಬ್ಬರ ಇಳಿತದ ಹೊತ್ತು ಓದುವುದು, ಯಾರ ಹುಟ್ಟುಹಬ್ಬ ಎಂದು ಸಾರುವುದು, ನಡುವೆ ತನಗಿಷ್ಟವಾದ ಹಾಡು ಹಾಕುವುದು ಅವಳ ಕೆಲಸ. ರೇಡಿಯೊ ಎಂದರೆ ದೊಡ್ಡ ಕಟ್ಟಡವೇನಲ್ಲ. ಫುಟ್‌ಬಾಲ್ ಮೈದಾನದ ಅಂಚಿನ ಒಂದು ತಗಡಿನ ಶೆಡ್ಡು, ಒಂದು ಕಂಬ, ಸಂಬಳವಿಲ್ಲದ ಹತ್ತಾರು ಜನ.

ರೊಂಡಾಗೆ ಕಾರು ಓಡಿಸಲು ಬರುತ್ತಿತ್ತು, ಆದರೆ ಬೆಳಿಗ್ಗೆ ಬೆಳಿಗ್ಗೆ ಕನ್ನಡಕ ಹಾಕಲು ಮನಸ್ಸಿರಲಿಲ್ಲ. ಅದಕ್ಕೆ ಕ್ಲೆಮ್ ತಂದು ಬಿಡುತ್ತಿದ್ದ. ಕಾರಿನಲ್ಲಿ ಕೂತು ಕೂತು ಬೇಜಾರಾಗಿ ಒಂದು ದಿನ ಒಳಗೆ ಬಂದ. ಒಳಗೆ ಬಂದವನು ಚಹಾ ಮಾಡಿದ. ಚಹಾ ಮಾಡುತ್ತಿದ್ದವನ ಎದುರಿಗೇ ಕಂಪ್ಯೂಟರು ಮುನಿಸಿಕೊಂಡಿತು, ಏನಾಗಿದೆ ನೋಡೋಣ ಎಂದು ಕೂತ. ಅಲ್ಲಿಂದ ಅವನು ಏಳಲಿಲ್ಲ.

ಆ ಕಂಪ್ಯೂಟರಿನೊಳಗಿದ್ದದ್ದು ಲಿನಕ್ಸ್. ಅದೊಂದು ಧರ್ಮಛತ್ರ. ಕಟ್ಟಿದವರು ಯಾರೋ, ಗುಡಿಸುವವರು ಯಾರೋ, ಯಾರು ಬೇಕಾದರೂ ಬಂದು ಇಳಿದುಕೊಳ್ಳಬಹುದು, ಮನಸ್ಸಿದ್ದರೆ ಒಂದು ಹೆಂಚು ಬದಲಿಸಿ ಹೋಗಬಹುದು. ಕ್ಲೆಮ್‌ಗೆ ಈ ಏರ್ಪಾಟು ಬಹಳ ಹಿಡಿಸಿತು. ಯಾರೊಡನೆಯೂ ಮಾತಾಡದೆ ಪರೋಪಕಾರ ಮಾಡಬಹುದಾದ ಜಾಗ ಲೋಕದಲ್ಲಿ ಎಷ್ಟಿದೆ?

ಇನ್ನು ಕೆನ್. ಕೆನ್, ಹುಲ್ಲಿನ ಮೇಲೆ ಚೆಂಡು ಉರುಳಿಸಿ ಆಡುವ ಬೌಲ್ಸ್ ಕ್ಲಬ್ಬಿನ ಹುಲ್ಲು ನೋಡಿಕೊಳ್ಳುತ್ತಿದ್ದವನು. ಭಾನುವಾರ ಬಂದರೆ, ಕ್ಲೆಮ್ ತನ್ನ ಹಿತ್ತಲಿನಲ್ಲಿ ಸುಟ್ಟ ಸಾಸೇಜು ತಿನ್ನಲು ಹಾಜರಾಗುತ್ತಿದ್ದ. ಕೊನೆಗೊಂದು ದಿನ ಉಂಡೂ ಹೋದ, ಕೊಂಡೂ ಹೋದ. ರೊಂಡಾಳನ್ನಷ್ಟೇ ಅಲ್ಲ, ಕಾರಿನ ಹಿಂದೆ ಕಟ್ಟಿ ಎಳೆಯುವ ಕ್ಲೆಮ್‌ನ ಕ್ಯಾರವಾನನ್ನೂ. ಅದರ ಬ್ರೇಕು ಸರಿಯಿರಲಿಲ್ಲ. ಕ್ಲೆಮ್ ಫೋನ್ ಮಾಡಿ, ಇಳಿಜಾರಿನಲ್ಲಿ ಹುಷಾರು ಎಂದು ಹೇಳಿ ಇಟ್ಟ. (ಈ ಸಾಲನ್ನು ನಾನು ಕಟ್ಟಿದ್ದಲ್ಲ. ಕಟ್ಟಿದ್ದರೆ ಇಷ್ಟು ಒಳ್ಳೆಯವನನ್ನಾಗಿ ಮಾಡುತ್ತಿರಲಿಲ್ಲ.)

ಮುಂದಿನ ಸೋಮವಾರ ಕ್ಲೆಮ್ ಶೆಡ್ಡಿಗೆ ಬಂದ. ಬಾ ಎಂದು ಕರೆದವರಿಲ್ಲ, ಬರಬೇಡ ಎಂದವರೂ ಇಲ್ಲ. ಈ ಊರಿನಲ್ಲಿ ಇದನ್ನು ಸೌಜನ್ಯ ಎನ್ನುತ್ತಾರೆ. ಎಲ್ಲರೂ ಅವನನ್ನು ನೋಡಿ ಗಾಳಿ ಜೋರಾಗಿದೆ ಎಂದರು, ಅವನೂ ಹೌದು ಎಂದ. ಹೀಗೇ ವರ್ಷಗಳು ಹೋದವು.

ಅವನಿಗೆ ಒಂದೇ ಒಂದು ಆಸೆ. ಅದನ್ನು ನಾನೇ ಬಿಡಿಸಿ ಹೇಳಿಬಿಡುತ್ತೇನೆ, ಯಾಕೆಂದರೆ ಅವನು ಸತ್ತರೂ ಬಾಯಿ ಬಿಡುವವನಲ್ಲ. ಯಾರಾದರೂ ಒಂದು ಸಲ, ಒಂದೇ ಒಂದು ಸಲ, ಸೋಮವಾರ ಬರ್ತೀಯಾ ಎಂದು ಅವನನ್ನು ಕೇಳಬೇಕು.

ಆವೃತ್ತಿ ೦.೪

(ಇದು ತಾಂತ್ರಿಕ ಭಾಗ. ನನ್ನ ತಂಗಿ ಇದನ್ನು ಹಾರಿಸಿ ಓದಲಿ. ನೀವು ಹಾರಿಸಿದರೆ ಮುಂದೆ ಪರದಾಡುತ್ತೀರಿ.)

ಮದುವೆಗೆ ಸೋದರಮಾವನನ್ನು ಕರೆಯುತ್ತೀರಿ. ಅವನು ಒಬ್ಬನೇ ಬರುತ್ತಾನೆಯೇ? ಹೆಂಡತಿ, ಮಕ್ಕಳು, ಹೆಂಡತಿಯ ತಮ್ಮ, ಆ ತಮ್ಮನ ಗೆಳೆಯ, ಎಲ್ಲರೂ ಬರುತ್ತಾರೆ. ಕಂಪ್ಯೂಟರಿನಲ್ಲೂ ಇಷ್ಟೇ. ಒಂದು ಪ್ಯಾಕೇಜ್, ಅಂದರೆ ಒಂದು ಪ್ರೋಗ್ರಾಮಿನ ಗಂಟು, ಬೇಕೆಂದರೆ ಅದು ತನಗೆ ಬೇಕಾದ ಇನ್ನಷ್ಟು ಪ್ಯಾಕೇಜುಗಳನ್ನು ಕರೆದುಕೊಂಡೇ ಬರುತ್ತದೆ. ಯಂತ್ರ ಬಾಗಿಲಲ್ಲಿ ನಿಂತು ಗುರುತು ಮಾಡಿಕೊಳ್ಳುತ್ತದೆ: ಇದು ಕರೆಸಿದ್ದು, ಇವು ಜೊತೆಯಲ್ಲಿ ಬಂದವು.

ಪ್ರತಿ ಸೋಮವಾರ ಕ್ಲೆಮ್ ಯಂತ್ರವನ್ನು ಕೇಳುತ್ತಾನೆ, ಹೊಸದೇನಿದೆ ಎಂದು. ಇಂತಿಂಥದ್ದರ ಹೊಸ ಆವೃತ್ತಿ ಬಂದಿದೆ, ತರಿಸಲೇ ಎಂದು ಅದು ಕೇಳುತ್ತದೆ. ಕ್ಲೆಮ್ ಒಂದೊಂದನ್ನೂ ಓದಿ, ತಲೆ ಕೆರೆದು, ಹೌದು ಎನ್ನುತ್ತಾನೆ. ಈ ಕಸುಬಿನವರಿಗೆಲ್ಲ ಗೊತ್ತಿರುವ ಒಂದು ಕಟ್ಟುಪಾಡಿದೆ. ಶುಕ್ರವಾರ ಅಪ್‌ಡೇಟ್ ಮಾಡಬಾರದು, ದೊಡ್ಡ ಕಾರ್ಯದ ದಿನವಂತೂ ಯಂತ್ರದ ಮೈಮೇಲೆ ಕೈಯೇ ಇಡಬಾರದು.

ಎಲ್ಲ ಮುಗಿದ ಮೇಲೆ, ಕೊನೆಯಲ್ಲಿ, ಯಂತ್ರ ಯಾವಾಗಲೂ ಒಂದು ಮಾತು ಸೇರಿಸುತ್ತದೆ: ಈ ಕೆಳಗಿನವು ಬೇರೆಯವುಗಳ ಜೊತೆಯಲ್ಲಿ ಬಂದವು, ಇನ್ನು ಬೇಕಾಗಿಲ್ಲ, ತೆಗೆಯಲೇ? ಹೌದು, ಬೇಡ.

ಕ್ಲೆಮ್ ಎಂದೂ ಹೌದು ಎಂದವನಲ್ಲ. ಯಾಕೆ ಎಂದು ಕೇಳಿದ್ದೆ. "ಅವು ಯಾರಿಗೆ ತೊಂದ್ರೆ ಕೊಡ್ತಿವೆ? ಇರ್ಲಿ ಬಿಡು" ಎಂದಿದ್ದ.

ಆವೃತ್ತಿ ೦.೫ (ವಿಲನ್ ಬೇಕಾಗಿದ್ದಾನೆ)

ಕಥೆಗೊಬ್ಬ ಖಳ ಬೇಕಲ್ಲ. ಅಡಿಲೇಡಿನಿಂದ ಒಬ್ಬನನ್ನು ಕರೆಸಿದೆ. ಚೂಪು ಬೂಟು, ಚೂಪು ಮೂಗು, ಕೈಯಲ್ಲೊಂದು ಹೊಳೆಯುವ ಪೆಟ್ಟಿಗೆ. ಪೆಟ್ಟಿಗೆಯನ್ನು ರೇಡಿಯೊಗೆ ಸಿಕ್ಕಿಸಿದರೆ ಅದು ತನ್ನ ಅಪ್‌ಡೇಟನ್ನು ತಾನೇ ಮಾಡಿಕೊಳ್ಳುತ್ತದೆ, ಮನುಷ್ಯರು ಬೇಕಿಲ್ಲ. "ಮನುಷ್ಯರು ಬೇಕಿಲ್ಲ" ಎಂದು ಹೇಳಿ ಅವನು ಮೀಸೆಯಡಿಯಲ್ಲಿ ನಗುತ್ತಾನೆ.

ಇದನ್ನು ನಾನು ಓದಿದ್ದು ಜೋಲೀನ್ ನೋಸ್ಕೆಗೆ. ಜೋಲೀನ್ ಆಯ್ಸ್ಟರ್ ಸಾಕುವವಳು, ರೇಡಿಯೊ ಸಮಿತಿಯ ಅಧ್ಯಕ್ಷೆ, ಅಪ್ಪ ಆಲ್ಫ್‌ನ ಔಷಧಿಗೆ ಬಂದಿದ್ದಳು. ರಬ್ಬರ್ ಬೂಟಿನಲ್ಲೇ ಬಂದು ನನ್ನ ನೆಲವನ್ನೆಲ್ಲ ಸಮುದ್ರ ಮಾಡಿದ್ದಳು.

ನಿಜವಾಗಿ ಪೆಟ್ಟಿಗೆ ತರುವ ಹುಡುಗನಿಗೆ ಮೀಸೆಯೇ ಇಲ್ಲ, ಅವನ ಅಮ್ಮ ಈ ಊರಿನವಳೇ, ಬಹಳ ಸಂಕೋಚದ ಜೀವ ಎಂದಳು. ಪೆಟ್ಟಿಗೆ ಬೇಕು ಎಂದು ಸಮಿತಿಯವರೇ ಕೇಳಿಕೊಂಡದ್ದಂತೆ. ನಮ್ಮೂರ ಫುಟ್‌ಬಾಲ್ ತಂಡದ ಫೈನಲ್ ಮುಗಿದ ಮೇಲಿನ ವಾರ ಅವನು ಶೆಡ್ಡು ನೋಡಲು ಬರುತ್ತಾನಂತೆ. ಹೀಗೆ ನನ್ನ ಖಳ ಮೂರು ಸಾಲಿನಲ್ಲಿ ಸಂಭಾವಿತನಾಗಿ ಮನೆಗೆ ಹೋದ.

"ಕ್ಲೆಮ್‌ಗೆ ಹೇಳಿದ್ದೀಯಾ?" ಎಂದೆ.

"ಅವನಿಗೇನ್ ಹೇಳೋದು? ಅವನು ರೊಂಡಾ ಜೊತೆ ಬರ್ತಿದ್ದೋನು. ಅವಳು ಹೋದ್ಮೇಲೂ ಪಾಪ, ಬಿಟ್ಟುಹೋದ್ರೆ ನಾವು ಬೇಜಾರು ಮಾಡ್ಕೋತೀವಿ ಅಂತ ಬರ್ತಿದಾನೆ. ಪೆಟ್ಟಿಗೆ ಬಂದ್ರೆ ಅವನಿಗೂ ಬಿಡುಗಡೆ. ಹಾಯಾಗಿ ಮೀನು ಹಿಡ್ಕೊಂಡಿರ್ಲಿ."

ಅಯ್ಯೋ, ನೋಡಿ. ಒಬ್ಬನಿಗೆ ಯಾರೂ ಕರೆಯಲಿಲ್ಲವಲ್ಲ ಎಂಬ ಕೊರಗು. ಇನ್ನೊಬ್ಬಳಿಗೆ ಅವನನ್ನು ಸುಮ್ಮನೆ ಕಟ್ಟಿಹಾಕಿದ್ದೇವಲ್ಲ ಎಂಬ ಕೊರಗು. ಎದುರೆದುರು ಕೂತು ಇಷ್ಟು ವರ್ಷ ಚಹಾ ಕುಡಿದರು, ಮಾತಾಡಿದ್ದು ಮಾತ್ರ ಗಾಳಿಯ ಬಗ್ಗೆ. ಇಬ್ಬರ ಕಿವಿಯನ್ನೂ ಹಿಡಿದು ಎದುರೆದುರು ನಿಲ್ಲಿಸೋಣ ಎನಿಸಿತು. ಆದರೆ ಆಗ ಕಥೆ ಇಲ್ಲಿಗೇ ಮುಗಿಯುತ್ತದೆ, ನನಗೆ ಇನ್ನೂ ಫುಟ್‌ಬಾಲ್ ಬರೆಯುವುದಿದೆ.

ಪೆಟ್ಟಿಗೆಯ ಸುದ್ದಿ ಕ್ಲೆಮ್‌ಗೆ ಬೇಕರಿಯಲ್ಲಿ ಸಿಕ್ಕಿತು. ಮಾಂಸದ ಪೈ ಕೈಯಲ್ಲಿ ಹಿಡಿದುಕೊಂಡು ಕೇಳಿಸಿಕೊಂಡ. ಒಳ್ಳೇದಾಯ್ತು ಎಂದ. ಪೈ ಪೂರ್ತಿ ತಿಂದನಂತೆ, ಸಾಸ್ ಹಾಕಿಕೊಳ್ಳುವುದು ಮರೆತನಂತೆ. ಈ ಊರಿನಲ್ಲಿ ಇದು ಎದೆ ಬಡಿದುಕೊಂಡು ಅತ್ತದ್ದಕ್ಕೆ ಸಮ.

ಆವೃತ್ತಿ ೧.೦

ಶನಿವಾರ ಫೈನಲ್. ಪೋರ್ಟ್ ಲಾರ್ಕಿನ್ ತಂಡ ಫೈನಲ್ ತಲುಪಿದ್ದು ಆಲ್ಫ್ ನೋಸ್ಕೆ ಆಡುತ್ತಿದ್ದ ಕಾಲದಲ್ಲಿ ಒಮ್ಮೆ, ಈಗ ಇನ್ನೊಮ್ಮೆ. ಪಂದ್ಯ ದೂರದ ಇನ್ನೊಂದು ಊರಿನಲ್ಲಿ. ಟ್ರ್ಯಾಕ್ಟರ್ ಬಿಟ್ಟು ಮಿಕ್ಕ ಎಲ್ಲ ವಾಹನಗಳಲ್ಲಿ ಊರು ಖಾಲಿಯಾಯಿತು. ಉಳಿದವರೆಂದರೆ ಅಂಗಡಿ ಮುಚ್ಚುವಂತಿಲ್ಲದ ನಾನು, ಮತ್ತೆ ಆಸ್ಪತ್ರೆಯ ಹಿಂಬದಿಯ ವಯಸ್ಸಾದವರ ವಾರ್ಡಿನವರು. ಆ ವಾರ್ಡಿನ ಆಲ್ಫ್‌ಗೆ ಕಣ್ಣು ಹೋಗಿದೆ, ಕಿವಿ ಇದೆ. ಬೆಳಿಗ್ಗೆಯೇ ತಂಡದ ಸ್ಕಾರ್ಫ್ ಸುತ್ತಿಕೊಂಡು, ರೇಡಿಯೊವನ್ನು ಮಡಿಲಲ್ಲಿಟ್ಟುಕೊಂಡು, ನರ್ಸುಗಳಿಗೆ ತನ್ನ ಕಾಲದ ಗೋಲುಗಳನ್ನು ವಿವರಿಸುತ್ತ ಕೂತಿದ್ದ. ಅವನಿಗಾಗಿಯೇ ಜೋಲೀನ್ ಪಂದ್ಯಕ್ಕೆ ಹೋಗಲಿಲ್ಲ. ಪಂದ್ಯದ ಊರಿನಿಂದ ಶೆಡ್ಡಿನ ಲ್ಯಾಂಡ್‌ಲೈನ್ ಫೋನಿಗೆ ಬರುವ ವಿವರಣೆಯನ್ನು ಶೆಡ್ಡಿನ ಕಂಪ್ಯೂಟರಿನ ಮೂಲಕ ಊರಿಗೆ ಕೇಳಿಸುವ ಜವಾಬ್ದಾರಿ ಅವಳದು.

ಅವಳು ಬರುವ ಮೊದಲೇ ಕ್ಲೆಮ್ ಬಂದಿದ್ದ. ದೊಡ್ಡ ಕಾರ್ಯದ ದಿನ ಯಂತ್ರ ಮುಟ್ಟಬಾರದು ಎಂಬುದು ಅವನಿಗೆ ಗೊತ್ತಿರಲಿಲ್ಲವೇ? ಊರಿಗೆಲ್ಲ ಹೇಳಿಕೊಟ್ಟವನೇ ಅವನು. ಆದರೆ ಇರಲಾರದವನು ಇರುವೆ ಬಿಟ್ಟುಕೊಂಡ ಎಂಬ ಗಾದೆ ಬರೀ ದಡ್ಡರಿಗಾಗಿ ಹುಟ್ಟಿದ್ದಲ್ಲ. ಅಡಿಲೇಡಿನವನು ಬಂದು ನೋಡಿದಾಗ ನಗಬಾರದು ಎಂಬುದು ಕ್ಲೆಮ್‌ನ ತಲೆಯಲ್ಲಿ ಹೊಕ್ಕಿತ್ತು. ನೆಂಟರು ಬರುವ ಮೊದಲು ಅಂಗಳ ಗುಡಿಸಿದ ಹಾಗೆ ಯಂತ್ರವನ್ನೊಮ್ಮೆ ಚೊಕ್ಕಟ ಮಾಡಿಟ್ಟು, ಬೀಗದ ಕೈ ಕೊಟ್ಟು, ಮೀನು ಹಿಡಿಯಲು ಹೋಗುವುದು. ಅವನಿಗೆ ಮೀನು ಹಿಡಿಯುವುದೆಂದರೆ ಆಗದು, ಅದು ಬೇರೆ ಮಾತು.

ಹೊಸ ಪ್ಯಾಕೇಜುಗಳು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಸಲೀಸಾಗಿ ಕೂತವು. ಆಮೇಲೆ ಅವನ ಕಣ್ಣಿಗೆ ರೊಂಡಾಳ ಹಾಡಿನ ಪ್ರೋಗ್ರಾಂ ಬಿತ್ತು. ಹುಟ್ಟುಹಬ್ಬದ ಹಾಡುಗಳನ್ನು ಅವಳು ಹಾಕುತ್ತಿದ್ದದ್ದು ಅದರಲ್ಲೇ. ಅವಳು ಹೋದ ಮೇಲೆ ಅದನ್ನು ಯಾರೂ ತೆರೆದಿರಲಿಲ್ಲ, ಕ್ಲೆಮ್ ಮಾತ್ರ ಪ್ರತಿ ಸೋಮವಾರ ತಪ್ಪದೆ ಅಪ್‌ಡೇಟ್ ಮಾಡುತ್ತಿದ್ದ. ಎದ್ದು ಚಹಾ ಮಾಡಿದ. ಬಂದು ಕೂತು, ಅದನ್ನು ತೆಗೆದುಹಾಕಿದ.

ಆಗ ಏನನಿಸಿತು ಕ್ಲೆಮ್ ಎಂದು ಕೇಳಿದೆ. ಏನೂ ಇಲ್ಲ ಎಂದ. (ಇಲ್ಲಿ ಏನೂ ಇಲ್ಲ ಎಂದರೆ ಬಹಳ ಎಂದು ಅರ್ಥ.)

ಯಂತ್ರ ಎಂದಿನಂತೆ ಕೊನೆಯಲ್ಲಿ ಕೇಳಿತು: ಈ ಕೆಳಗಿನವು ಅದರ ಜೊತೆಯಲ್ಲಿ ಬಂದವು, ಇನ್ನು ಬೇಕಾಗಿಲ್ಲ, ತೆಗೆಯಲೇ? ಈ ಸಲದ ಪಟ್ಟಿ ಉದ್ದವಿತ್ತು. ಕ್ಲೆಮ್ ಅದನ್ನು ಓದಲಿಲ್ಲ. ಕಣ್ಣು ಮಂಜಾಗಿತ್ತು ಎಂದು ಬರೆಯಲೇ ಎಂದರೆ ಬೇಡ ಎಂದ. ಕನ್ನಡಕ ಕಾರಿನಲ್ಲಿತ್ತಂತೆ. ಆಗಲಿ, ಕಾರಿನಲ್ಲೇ ಇರಲಿ.

"ಜೊತೇಲಿ ಬಂದೋವು ಜೊತೇಲೇ ಹೋಗ್ಲಿ" ಎಂದುಕೊಂಡು ಹೌದು ಒತ್ತಿದ.

ಶೆಡ್ಡಿನ ಸ್ಪೀಕರಿನಲ್ಲಿ ರೇಡಿಯೊದ ಹಾಡು ಹಾಡುತ್ತಿದ್ದ ಗಾಯಕಿ ಸಾಲಿನ ನಡುವೆ ನಿಂತುಹೋದಳು.

ಆವೃತ್ತಿ ೧.೦.೧ (ದೋಷ ಸರಿಪಡಿಸಲಾಗಿಲ್ಲ)

ಆಗಿದ್ದಿಷ್ಟು. ಶಬ್ದವನ್ನು ಕಂಪ್ಯೂಟರಿನಿಂದ ಕಂಬಕ್ಕೆ ಸಾಗಿಸುವ ಪ್ಯಾಕೇಜ್ ಯಾವ ಕಾಲದಲ್ಲೋ ರೊಂಡಾಳ ಪ್ರೋಗ್ರಾಮಿನ ಜೊತೆಯಲ್ಲಿ ಬಂದಿತ್ತು. ಆಮೇಲೆ ಇಡೀ ರೇಡಿಯೊ ಅದರ ಮೇಲೆಯೇ ಒರಗಿ ನಿಂತಿತು. ಆದರೆ ಹಾಗೆ ಒರಗಿಸಿದ ಪುಟ್ಟ ಪ್ರೋಗ್ರಾಂ ಕ್ಲೆಮ್ ಕೈಯಾರೆ ಬರೆದದ್ದು, ಮನೆಯ ತಯಾರಿಕೆ. ಅದು ಯಂತ್ರದ ಲೆಕ್ಕದಲ್ಲಿಲ್ಲ. ಯಾರು ಕರೆಸಿದ್ದು, ಯಾರು ಜೊತೆಯಲ್ಲಿ ಬಂದದ್ದು ಎಂಬುದು ಯಂತ್ರಕ್ಕೆ ಗೊತ್ತು. ಯಾರು ಯಾರ ಮೇಲೆ ಒರಗಿದ್ದಾರೆ ಎಂಬುದು ಗೊತ್ತಿಲ್ಲ.

ಪುನಃ ತರಿಸಿದರಾಯಿತು ಎನ್ನುತ್ತೀರಿ. ಇಂಟರ್ನೆಟ್ ಹಿಡಿದುಕೊಡುವ ಪ್ಯಾಕೇಜೂ ಆ ಪಟ್ಟಿಯಲ್ಲೇ ಹೋಗಿತ್ತು. ಇಂಟರ್ನೆಟ್ ಬರಲು ಆ ಪ್ಯಾಕೇಜ್ ಬೇಕು, ಆ ಪ್ಯಾಕೇಜ್ ಬರಲು ಇಂಟರ್ನೆಟ್ ಬೇಕು. ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು.

ಜೋಲೀನ್ ಬಂದಳು. ಕ್ಲೆಮ್ ಎದ್ದು ನಿಂತು, ತನ್ನಿಂದಲೇ ಆದದ್ದು, ಮುಟ್ಟಬಾರದಿತ್ತು ಎಂದ. ಜೋಲೀನ್ ಬಾಯಿಗೆ ಬಂದದ್ದನ್ನು ಅಂದಳು. (ಅದನ್ನು ಬರೆಯುವುದಿಲ್ಲ. ಆಯ್ಸ್ಟರ್ ದೋಣಿಯ ಮೇಲೆ ದುಡಿದವರ ಬೈಗುಳಕ್ಕೆ ನನ್ನ ಹತ್ತಿರ ಲಿಪಿಯಿಲ್ಲ.) ಆಮೇಲೆ ಶೆಡ್ಡಿನ ಲ್ಯಾಂಡ್‌ಲೈನಿನಿಂದ ಪೆಟ್ಟಿಗೆಯವರಿಗೆ ಫೋನ್ ಮಾಡಿದಳು. ಸೋಮವಾರದಿಂದ ಶುಕ್ರವಾರದವರೆಗೆ ಕರೆ ಮಾಡಿ ಎಂದು ಒಂದು ಮಧುರವಾದ ದನಿ ಹೇಳಿತು.

ಇಲ್ಲಿ ಲೇಖಕಿಯಾಗಿ ನಾನು ಸುಮ್ಮನಿರಬಹುದಿತ್ತೇ? ಇದನ್ನು ಓದಿ ಹೇಳುವಾಗ ಕ್ಲೆಮ್‌ಗೆ ಒಂದು ಸಹಾಯ ಮಾಡಹೊರಟೆ. "ಅಷ್ಟರಲ್ಲಿ ಹೇಗೋ ಎಲ್ಲವೂ ಸರಿಹೋಯಿತು" ಎಂದು ಬರೆದುಬಿಡಲೇ ಎಂದೆ.

"ಹೇಗೋ ಅಂದ್ರೆ ಹೇಗೆ? ಯಾವ ಆವೃತ್ತಿ?"

"ಕಥೆ ಕ್ಲೆಮ್. ಓದೋರು ಕೇಳಲ್ಲ."

"ನಾನು ಕೇಳ್ತೀನಿ. 'ಹೇಗೋ' ಅಂತ ಯಾವ್ದೂ ಸರಿಹೋಗಲ್ಲ. ಯಾರೋ ಕೂತು ಮಾಡಿರ್ತಾರೆ."

ಸರಿಯಪ್ಪ. ಹಾಗಾದರೆ ಕೂತು ಮಾಡಿದ್ದನ್ನೇ ಬರೆಯುತ್ತೇನೆ.

ಆವೃತ್ತಿ ೧.೧

ಮೊಬೈಲ್ ಫೋನನ್ನು ವಯರಿನಿಂದ ಕಂಪ್ಯೂಟರಿಗೆ ಸಿಕ್ಕಿಸಿದರೆ ಫೋನಿನ ಇಂಟರ್ನೆಟ್ಟನ್ನು ಕೈಯಾರೆ ಎಳೆದುಕೊಳ್ಳಬಹುದು. ಕ್ಲೆಮ್‌ಗೆ ಅದು ಬರುತ್ತಿತ್ತು. ಆದರೆ ತಗಡಿನ ಶೆಡ್ಡಿನೊಳಗೆ ಮೊಬೈಲಿಗೆ ಸಿಗ್ನಲ್ ಇಲ್ಲ. ಸಿಗ್ನಲ್ ಸಿಗುವುದು ಮೈದಾನದ ಈ ತುದಿಯಲ್ಲಿ, ಗೋಲ್ ಕಂಬಗಳ ಮುಂದೆ. ಊರಿನ ಹುಡುಗಿಯರೆಲ್ಲ ನಿಂತು ಫೋನಿನಲ್ಲಿ ಜಗಳವಾಡುವುದು ಅಲ್ಲೇ.

ಹೀಗೆ ಫೈನಲ್ ಶುರುವಾಗುವ ಹೊತ್ತಿಗೆ, ಖಾಲಿ ಊರಿನ ಖಾಲಿ ಮೈದಾನದಲ್ಲಿ, ಗೋಲ್ ಕಂಬದ ಮುಂದೆ, ಬಿಯರ್ ತಂಪು ಮಾಡುವ ಡಬ್ಬದ ಮೇಲೆ ರೇಡಿಯೊ ಕಂಪ್ಯೂಟರು ಕೂತಿತ್ತು. ಶೆಡ್ಡಿನಿಂದ ಅಲ್ಲಿಯವರೆಗೆ ಒಂದಕ್ಕೊಂದು ಗಂಟು ಹಾಕಿದ ಎಕ್ಸ್‌ಟೆನ್ಷನ್ ವಯರುಗಳು. ಬಿಸಿಲಿಗೆ ಪರದೆ ಕಾಣದೆಂದು ಜೋಲೀನ್ ಕೊಡೆ ಹಿಡಿದಿದ್ದಳು.

ಇದಲ್ಲದೆ ಸೆಪ್ಟೆಂಬರ್. ಮ್ಯಾಗ್‌ಪೈ ಹಕ್ಕಿ ಮರಿ ಮಾಡುವ ಕಾಲ. ಗೋಲ್ ಕಂಬದ ಹಿಂದಿನ ಮರದಲ್ಲಿ ಅದರ ಗೂಡು. ಈ ತಿಂಗಳಲ್ಲಿ ಅಲ್ಲಿ ಹಾದುಹೋಗುವವರ ತಲೆಯನ್ನು ಅದು ಎರಗಿ ಕುಕ್ಕದೆ ಬಿಟ್ಟ ಉದಾಹರಣೆಯಿಲ್ಲ. ಆದ್ದರಿಂದ ಇಬ್ಬರ ತಲೆಯ ಮೇಲೂ ಐಸ್‌ಕ್ರೀಮ್ ಡಬ್ಬಿ ಬೋರಲಾಗಿತ್ತು, ಡಬ್ಬಿಯ ಹಿಂಬದಿಯಲ್ಲಿ ಮಸಿಯಿಂದ ಬರೆದ ಎರಡೆರಡು ಕಣ್ಣು. ಹಿಂದಿನಿಂದ ಯಾರೋ ನೋಡುತ್ತಿದ್ದಾರೆ ಎಂದು ಹಕ್ಕಿ ಹೆದರಬೇಕು, ಇದು ಲೆಕ್ಕ. ಹಕ್ಕಿ ಲೆಕ್ಕ ಓದಿಲ್ಲ. ಬಂದು ಬಂದು ಡಬ್ಬಿಗೆ ಟಕ್ಕೆಂದು ಕುಟುಕುತ್ತಿತ್ತು. (ಕಥೆಯಲ್ಲಿ ಈ ಹಕ್ಕಿ ಜಾಸ್ತಿಯಾಯಿತು ಎಂದು ನನ್ನ ತಂಗಿಯ ಅಭಿಪ್ರಾಯ. ಅವಳು ಒಂದು ಸಲ ಸೆಪ್ಟೆಂಬರಿನಲ್ಲಿ ಬರಲಿ.)

ಪ್ಯಾಕೇಜುಗಳು ಒಂದೊಂದಾಗಿ ಇಳಿದವು. ಆಮೇಲೆ ಕ್ಲೆಮ್ ಹೊರಡುವುದನ್ನು ಬಿಟ್ಟು ಮತ್ತೆ ಏನನ್ನೋ ಟೈಪು ಮಾಡಲು ಕೂತ. ಪಂದ್ಯ ಶುರುವಾಗಿ ಆಗಿತ್ತು. ಆಲ್ಫ್ ವಾರ್ಡಿನಿಂದ ಮೂರನೆಯ ಸಲ ಫೋನ್ ಮಾಡಿ, ರೇಡಿಯೊ ಸತ್ತಿದೆಯೋ ತಾನು ಸತ್ತಿದ್ದೇನೋ ಎಂದು ಕೇಳಿದ್ದ.

"ಬಂತಲ್ಲ ಮಾರಾಯ, ಇನ್ನೇನ್ ಬರೀತಿದೀಯಾ?" ಎಂದಳು ಜೋಲೀನ್.

"ಗುರುತು ಹಾಕ್ತಿದೀನಿ. ಇದು ಯಾರ ಜೊತೇಲೋ ಬಂದಿದ್ದಲ್ಲ, ನಾವೇ ಬೇಕು ಅಂತ ಕರೆಸ್ಕೊಂಡಿದ್ದು ಅಂತ."

"ಹಾಕಿದ್ರೆ ಏನಾಗುತ್ತೆ?"

"ಏನೂ ಆಗಲ್ಲ. ಇದ್ದ ಹಾಗೇ ಇರುತ್ತೆ."

"ಮತ್ಯಾಕೆ?"

"ಮುಂದೆ ಯಾರಾದ್ರೂ ಗುಡಿಸ್ವಾಗ ಹೋಗಲ್ಲ." ಕ್ಲೆಮ್ ತಲೆ ಎತ್ತಲಿಲ್ಲ. "ಮೊದ್ಲೇ ಹಾಕ್ಬೇಕಿತ್ತು. ಒಂದು ಸಾಲು ಅಷ್ಟೇ. ಇಷ್ಟು ವರ್ಷ ಕೆಲಸ ಮಾಡ್ತಿತ್ತು, ಯಾರಿಗೂ ಹೊಳೀಲಿಲ್ಲ."

ಜೋಲೀನ್ ಕೊಡೆಯನ್ನು ಇನ್ನೊಂದು ಕೈಗೆ ಬದಲಿಸಿದಳು. ಆಗಲೇ ಅವಳಿಗೆ ಎಲ್ಲ ಅರ್ಥವಾಗಿಬಿಟ್ಟಿತು ಎಂದು ನಾನು ಬರೆದಿದ್ದೆ. ಅವಳು ಒಪ್ಪಲಿಲ್ಲ. ಆಗ ತನ್ನ ತಲೆಯಲ್ಲಿದ್ದದ್ದು ಅಪ್ಪ ಮತ್ತು ಹಕ್ಕಿ ಮಾತ್ರ, ಉಳಿದದ್ದು ಕಂಪ್ಯೂಟರನ್ನು ಹೊತ್ತುಕೊಂಡು ಶೆಡ್ಡಿಗೆ ಹೋಗುವಾಗ ನಿಧಾನವಾಗಿ ಹೊಳೆಯಿತು ಎಂದಳು. ಕಂಪ್ಯೂಟರಿನ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ತುದಿ ಅವನ ಕೈಯಲ್ಲಿ. ಅವನು ಹಿಂದು ಹಿಂದಕ್ಕೆ ಹೆಜ್ಜೆ ಹಾಕುತ್ತಿದ್ದ, ಅವಳಿಗೆ ಅವನ ಮುಖ ಕಾಣುತ್ತಿತ್ತು. ಇಷ್ಟು ವರ್ಷದಲ್ಲಿ ಅಷ್ಟು ಹೊತ್ತು ಅವನ ಮುಖ ನೋಡಿದ್ದು ಅದೇ ಮೊದಲಂತೆ.

ಆಟದ ಕಾಲುಭಾಗ ಮುಗಿದ ಮೇಲೆ ರೇಡಿಯೊ ಮಾತಾಡಿತು. ವಾರ್ಡಿನಲ್ಲಿ ಆಲ್ಫ್ ತನ್ನ ಊರುಗೋಲಿನಿಂದ ಮಂಚದ ಕಂಬಿಗೆ ಬಾರಿಸಿದ ಸದ್ದು ನನ್ನ ಅಂಗಡಿಯವರೆಗೆ ಕೇಳಿತು.

ಆವೃತ್ತಿ ೧.೨ (ನಿಮಗೆ ಬೇಕಾದದ್ದನ್ನು ಆರಿಸಿಕೊಳ್ಳಿ)

ಮೊದಲನೆಯ ಮುಕ್ತಾಯ: ಪೋರ್ಟ್ ಲಾರ್ಕಿನ್ ಗೆದ್ದಿತು. ಆಲ್ಫ್‌ಗೆ ಒಂದು ಕ್ಷಣ ಕಣ್ಣು ಕಂಡಿತು. (ಛೆ. ನನಗೇ ನಾಚಿಕೆಯಾಯಿತು, ಬಿಡಿ.)

ಎರಡನೆಯದು: ಸೋತಿತು, ಊರೆಲ್ಲ ಕ್ಲೆಮ್‌ನನ್ನು ದೂರಿತು. (ಅವನು ಆಡಲಿಲ್ಲವಲ್ಲ, ಯಾಕೆ ದೂರುತ್ತಾರೆ ಎಂದು ಜೋಲೀನ್ ಕೇಳಿದಳು. ಅಳಿಸಿದೆ.)

ಮೂರನೆಯದು: ಪೆಟ್ಟಿಗೆ ಬೇಡವೆಂದು ಸಮಿತಿ ಎದ್ದು ನಿಂತು ಚಪ್ಪಾಳೆ ತಟ್ಟಿತು. (ಸಮಿತಿ ಇನ್ನೂ ಸೇರಿಯೇ ಇಲ್ಲ. ಪೆಟ್ಟಿಗೆಯ ಹುಡುಗ ಬರುತ್ತಾನೋ ಇಲ್ಲವೋ, ಬಂದರೆ ಏನಾಗುತ್ತದೋ, ನನಗೂ ಗೊತ್ತಿಲ್ಲ. ನಾನು ಸಮಿತಿಯಲ್ಲಿಲ್ಲ.)

ಪಂದ್ಯ ಏನಾಯಿತೆಂದು ನಾನು ಹೇಳುವುದಿಲ್ಲ. ಅದು ನಡೆದದ್ದು ಬೇರೆ ಊರಿನಲ್ಲಿ. ನಮ್ಮ ಊರಿನಲ್ಲಿ ನಡೆದದ್ದು ಇಷ್ಟು: ಸಂಜೆ ಕ್ಲೆಮ್ ವಯರುಗಳನ್ನೆಲ್ಲ ಸುತ್ತಿದ, ಐಸ್‌ಕ್ರೀಮ್ ಡಬ್ಬಿಯನ್ನು ಗೂಟಕ್ಕೆ ಸಿಕ್ಕಿಸಿದ, ಕಪ್ಪು ತೊಳೆದು ಬೋರಲು ಹಾಕಿದ, ಶೆಡ್ಡಿನ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಬಾಗಿಲಿಗೆ ಹೊರಟ. ಜೋಲೀನ್ ಬಾಗಿಲಿಗೆ ಅಡ್ಡ ನಿಂತಿದ್ದಳು. ಅವಳ ತಲೆಯ ಮೇಲೆ ಡಬ್ಬಿ ಇನ್ನೂ ಹಾಗೇ ಇತ್ತು, ಮರೆತಿದ್ದಳು. ಬೀಗದ ಕೈಯನ್ನು ಒಮ್ಮೆ ನೋಡಿದಳು. ಗಾಳಿ ಜೋರಾಗಿದೆ ಎಂದಳು. ಅವನು ಹೌದು ಎಂದ.

"ಕ್ಲೆಮ್, ಸೋಮವಾರ ಬರ್ತೀಯಾ?"

ಇಷ್ಟು ವರ್ಷ ಒಂದು ಸೋಮವಾರವೂ ತಪ್ಪಿಸದವನನ್ನು ಯಾರಾದರೂ ಹೀಗೆ ಕೇಳುತ್ತಾರೆಯೇ? ಎಂಥ ಪೆದ್ದು ಪ್ರಶ್ನೆ.

ಇದಕ್ಕೆ ಕ್ಲೆಮ್ ಏನೆಂದ ಎಂಬುದಕ್ಕೆ ನಾಲ್ಕು ಉತ್ತರ ಬರೆದಿಟ್ಟಿದ್ದೆ, ಒಂದಕ್ಕಿಂತ ಒಂದು ಚೆನ್ನಾಗಿದ್ದವು. ಈ ತಿಂಗಳ ಮಾತ್ರೆಗೆ ಬಂದಾಗ ಓದಲು ಶುರು ಮಾಡಿದೆ. ಮೊದಲನೆಯದಕ್ಕೇ ಕೈ ಅಡ್ಡ ಹಿಡಿದ.

"ಉತ್ತರ ಹಾಕ್ಬೇಡ."

"ಹಾಕದಿದ್ರೆ ಹೇಗೆ? ಓದೋರು ಕಾಯ್ತಿರ್ತಾರೆ."

"ಕೇಳಿದ್ಲಲ್ಲ. ಅಷ್ಟೇ ಇರ್ಲಿ."

ಸರಿ, ಹಾಕುವುದಿಲ್ಲ. ಕೌಂಟರಿನ ಮೇಲಿನ ನನ್ನ ಕಂಪ್ಯೂಟರನ್ನು ಅವನ ಕಡೆ ತಿರುಗಿಸಿದೆ. ಕಥೆಯನ್ನಾದರೂ ಚೊಕ್ಕಟ ಮಾಡೋಣ ಕ್ಲೆಮ್, ಇದರಲ್ಲೂ ಬೇರೆಯವರ ಜೊತೆಯಲ್ಲಿ ಬಂದವರು, ಇನ್ನು ಬೇಕಾಗಿಲ್ಲದವರು ಬಹಳ ಇದ್ದಾರೆ ಎಂದೆ. ನನ್ನ ತಂಗಿಯ ಆಕಳಿಕೆ. ಬಾರದೇ ಹೋದ ಖಳನ ಮೀಸೆ. ಹಕ್ಕಿ. ಅವನು ಒಂದೊಂದನ್ನೂ ಓದಿ, ಇರಲಿ, ಇರಲಿ ಎನ್ನುತ್ತ ಬಂದ. ಈ ಸಲ ಕನ್ನಡಕ ಹಾಕಿಕೊಂಡಿದ್ದ.

"ಕೆನ್‌ನನ್ನಾದ್ರೂ ತೆಗೀಲಾ?" ಎಂದೆ. "ಅವನಿಂದ ಈ ಕಥೆಗೆ ಏನೂ ಆಗ್ಬೇಕಾಗಿಲ್ಲ. ಯಾರಿಗೂ ಬೇಡದವನು."

ಪರದೆಯ ಮೇಲೆ ಗೆರೆ ಮಿಣಮಿಣ ಎನ್ನುತ್ತಿತ್ತು. ಕ್ಲೆಮ್ ಕೆನ್‌ನ ಸಾಲುಗಳನ್ನೂ ಓದಿದ.

"ಬೇಡ" ಎಂದ. "ಅವನ ಮೇಲೆ ರೊಂಡಾ ಒರಗಿರ್ತಾಳೆ."

ಮಾತ್ರೆಯ ಪೊಟ್ಟಣ ಕೌಂಟರಿನ ಮೇಲೆಯೇ ಮರೆತುಬಿಟ್ಟು ಹೋದ. ಹಾಲು ತರಬೇಕಿತ್ತಂತೆ, ಶೆಡ್ಡಿನಲ್ಲಿ ಮುಗಿದಿದೆಯಂತೆ.